ಪಿಕಪ್‌ಗೆ ಟ್ರೇಲರ್ ಬ್ರೇಕ್ ಕಂಟ್ರೋಲರ್ ಜೋಡಿಸುವ ಬಗೆ

ಮಂಡ್ಯದಲ್ಲಿ ಕಬ್ಬು ಹೊರುವ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ವಿದ್ಯುತ್ ಬ್ರೇಕ್ ಇರುವುದಿಲ್ಲವಾದ್ದರಿಂದ, ಕಂಟ್ರೋಲರ್ (ಪಿಕಪ್‌ನ ಬ್ರೇಕ್ ತುಳಿದಾಗ ಟ್ರೇಲರಿನ ವಿದ್ಯುತ್ ಬ್ರೇಕನ್ನೂ ಹಿಡಿಸುವ ಸಾಧನ) ಕೊಳ್ಳುವ ಮೊದಲು ನಿಮ್ಮ ಟ್ರೇಲರಿನ ಬ್ರೇಕ್ ಡ್ರಮ್ಮಿನೊಳಗೆ ವಿದ್ಯುತ್ಕಾಂತ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಕೊಟ್ಟ ಹಣ ದಂಡ. ಪಿಕಪ್ ಎಷ್ಟು ಬಿರುಸಾಗಿ ನಿಧಾನಿಸುತ್ತದೆಯೋ ಅದಕ್ಕೆ ತಕ್ಕಷ್ಟೇ ಟ್ರೇಲರನ್ನೂ ಹಿಡಿಯುವ ಪ್ರಪೋರ್ಷನಲ್ ಮಾದರಿಯನ್ನೇ ನಾನು ಆರಿಸುತ್ತೇನೆ. ಟೈಮ್ ಡಿಲೇ ಮಾದರಿ ಅಗ್ಗವಾದರೂ, ತುರ್ತಾಗಿ ಬ್ರೇಕ್ ತುಳಿದಾಗಲೂ ತನ್ನದೇ ಗತಿಯಲ್ಲಿ ಬಲ ಏರಿಸುತ್ತದೆ.

ಜೋಡಿಸುವ ಮುನ್ನ ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿಡಿ. ಸಾಮಾನ್ಯವಾಗಿ ಕಪ್ಪು ತಂತಿ ಸರ್ಕ್ಯೂಟ್ ಬ್ರೇಕರ್ ಮೂಲಕ ಬ್ಯಾಟರಿಯ ಪ್ಲಸ್‌ಗೆ, ಬಿಳಿಯದು ಮೈನಸ್‌ಗೆ, ಕೆಂಪು ಬ್ರೇಕ್ ದೀಪದ ಸ್ವಿಚ್ಚಿಗೆ, ನೀಲಿ ಟ್ರೇಲರಿನ ಬ್ರೇಕಿಗೆ ಹೋಗುತ್ತದೆ. ಕಪ್ಪು-ಬಿಳಿ ಅದಲುಬದಲಾದರೆ ಕಂಟ್ರೋಲರ್ ಸುಟ್ಟುಹೋಗಬಹುದು. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಸಾಗುತ್ತಾ ಕಂಟ್ರೋಲರಿನ ಕೈಗುಂಡಿಯನ್ನು ಒತ್ತಿ, ಟ್ರೇಲರಿನ ಚಕ್ರ ಲಾಕ್ ಆಗಿ ಜಾರುವ ಮಟ್ಟಕ್ಕಿಂತ ತುಸು ಕೆಳಗೆ ಬ್ರೇಕಿನ ಬಲವನ್ನು ಹೊಂದಿಸಿ.