ಮಕ್ಕಳ ಆಟದೊಳಗೆ ಯೇಸುವಿನ ಕಥೆ: ಮನೆಯಲ್ಲಿ ನಂಬಿಕೆಯನ್ನು ಹಂಚಿಕೊಳ್ಳುವ ಬಗೆ

ಮಕ್ಕಳಿಗೆ ದೇವರ ವಿಷಯವನ್ನು ಯಾವಾಗ ಹೇಳಬೇಕು ಎಂಬ ಪ್ರಶ್ನೆಗೆ ಬೈಬಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಕೊಡುವ ಉತ್ತರ ಬಹಳ ಸರಳವಾದದ್ದು: ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಅಲ್ಲಿ ಪಾಠಕ್ಕೆಂದೇ ಎತ್ತಿಟ್ಟ ಹೊತ್ತು ಯಾವುದೂ ಇಲ್ಲ. ಇರುವುದೆಲ್ಲ ದಿನನಿತ್ಯದ ಗಳಿಗೆಗಳೇ. ಆರು ವರ್ಷದೊಳಗಿನ ಮಗುವಿನ ದಿನದಲ್ಲಿ ಅಂಥ ಗಳಿಗೆಗಳನ್ನು ಹುಡುಕಹೊರಟರೆ ಬಹುಪಾಲು ಆಟವೇ ಕಣ್ಣಿಗೆ ಬೀಳುತ್ತದೆ. ಯೇಸು ಸ್ವಾಮಿಯೂ ಮಕ್ಕಳ ಆಟವನ್ನು ನಿಂತು ನೋಡಿರಬೇಕು. ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ, ಪೇಟೆಯಲ್ಲಿ ಕುಳಿತು ಕೊಳಲೂದಿದರೂ ಕುಣಿಯದ, ಗೋಳಾಡಿದರೂ ಅಳದ ಜೊತೆಗಾರರ ಮೇಲೆ ದೂರು ಹೇಳುವ ಮಕ್ಕಳ ಮಾತನ್ನು ಆತನು ಎತ್ತಿ ಹೇಳುತ್ತಾನೆ. ಮದುವೆಯ ಆಟ, ಸಾವಿನ ಆಟ, ಆಮೇಲೆ ಜಗಳ. ಇದೆಲ್ಲವನ್ನು ಹತ್ತಿರದಿಂದ ಗಮನಿಸಿದವರು ಮಾತ್ರ ಹಾಗೆ ಹೇಳಬಲ್ಲರು. ಆದ್ದರಿಂದ ಈ ಕೆಲಸಕ್ಕೆ ಮೊದಲು ಬೇಕಾದದ್ದು ಹೇಳುವ ಬಾಯಿಗಿಂತ ನೋಡುವ ಕಣ್ಣು.

ಆಟವನ್ನು ಕೆಡಿಸಬಾರದು

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ಸಂಜೆ ಅವಳು ಮರದ ಬ್ಲಾಕ್‌ಗಳನ್ನು ಜೋಡಿಸಿ ದೋಣಿಯೊಂದನ್ನು ಕಟ್ಟುತ್ತಿದ್ದಳು. ಒಳ್ಳೆಯ ಸಂದರ್ಭ ಒದಗಿತೆಂದು ನಾನು ಪಕ್ಕದಲ್ಲಿ ಕುಳಿತು, ನೋಹನ ನಾವೆಯ ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ ಎಂದು ವಿವರಿಸತೊಡಗಿದೆ. ಅವಳು ಕೈಯಲ್ಲಿದ್ದ ಬ್ಲಾಕನ್ನು ಮೆಲ್ಲಗೆ ಕೆಳಗಿಟ್ಟು, “ಅಪ್ಪಾ, ಇದು ಬೆಕ್ಕಿನ ದೋಣಿ” ಎಂದಳು. ಸ್ವಲ್ಪ ಹೊತ್ತಿನಲ್ಲಿ ಎದ್ದು ಹೋದಳು. ಅವಳ ಆಟವನ್ನು ಕಿತ್ತುಕೊಂಡು ನಾನು ಅದನ್ನು ಪಾಠವಾಗಿ ಮಾಡಿಬಿಟ್ಟಿದ್ದೆ.

ಕೆಲವು ದಿನಗಳ ನಂತರ ಅದೇ ದೋಣಿ ಮತ್ತೆ ಎದ್ದಿತು. ಆಗ ನಾನು ಕೇಳಿದ್ದು ಒಂದೇ ಮಾತು: “ಮಳೆ ಬಂದರೆ ಬೆಕ್ಕು ಎಲ್ಲಿ ಕೂರುತ್ತೆ?” ಅವಳು ಒಂದು ಪುಸ್ತಕವನ್ನು ಬೋರಲು ಹಾಕಿ ಮಾಡು ಮಾಡಿದಳು. ನಾಯಿಯೂ ಒಳಗೆ ಬರಬಹುದೇ ಎಂದಾಗ ಸ್ವಲ್ಪ ಯೋಚಿಸಿ ಜಾಗ ಬಿಟ್ಟುಕೊಟ್ಟಳು. ಆಗ ಮಾತ್ರ, ಬಹಳ ಹಿಂದೆ ಒಬ್ಬ ಅಜ್ಜ ದೇವರ ಮಾತು ಕೇಳಿ ಎಲ್ಲ ಪ್ರಾಣಿಗಳಿಗೂ ಜಾಗವಿರುವ ದೋಣಿ ಕಟ್ಟಿದ್ದನೆಂದು ಎರಡು ವಾಕ್ಯದಲ್ಲಿ ಹೇಳಿ ಸುಮ್ಮನಾದೆ. “ಆಮೇಲೆ?” ಎಂದು ಕೇಳಿದವಳು ಅವಳೇ. ಆ “ಆಮೇಲೆ?” ಬರುವವರೆಗೆ ಕಾಯುವುದೇ ಈ ವಿಧಾನದ ಜೀವಾಳವೆಂದು ನಾನು ನಂಬಿದ್ದೇನೆ. ಅದು ಬಾರದ ದಿನ ಬೆಕ್ಕಿನ ದೋಣಿ ಬೆಕ್ಕಿನ ದೋಣಿಯಾಗಿಯೇ ಉಳಿಯಲಿ. ನೀವು ನೆಲದ ಮೇಲೆ ಕುಳಿತು ಮನಸ್ಸಿಟ್ಟು ಅವರೊಡನೆ ಆಡಿದ್ದು ವ್ಯರ್ಥವಲ್ಲ.

ಕಳೆದದ್ದು, ಸಿಕ್ಕಿದ್ದು

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾನು ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ತೋರಿಸುತ್ತೇನೆ. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಕಳೆದುಹೋದ ಮಗ ಎಂಬ ಮೂರು ಸಾಮ್ಯಗಳು (ಯೇಸು ಹೇಳಿದ ದೃಷ್ಟಾಂತ ಕಥೆಗಳು) ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಅಡಗಿಸುವುದು ಮತ್ತು ಹುಡುಕುವುದು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲದ ಆಟ.

ಕುರಿಯ ಕಥೆಯಲ್ಲಿ ನೂರು ಕುರಿಗಳಿವೆ, ಮೂರು ವರ್ಷದ ಮಗುವಿಗೆ ಅದು ಎಣಿಕೆಗೆ ಸಿಗದ ಸಂಖ್ಯೆ. ನಾಣ್ಯದ ಕಥೆಯಲ್ಲಿರುವುದು ಹತ್ತೇ. ಅದು ಎರಡೂ ಕೈಗಳ ಬೆರಳುಗಳಿಗೆ ಸರಿಹೊಂದುತ್ತದೆ. ರಟ್ಟಿನಲ್ಲಿ ಅಂಗೈಯಗಲದ ಹತ್ತು ಬಿಲ್ಲೆಗಳನ್ನು ಕತ್ತರಿಸಿಕೊಳ್ಳಿ. (ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ನಿಜವಾದ ನಾಣ್ಯವನ್ನೂ ಗುಂಡಿಗಳನ್ನೂ ಬಳಸಲೇಬಾರದು, ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.) ಮಗುವಿನೊಡನೆ ಎಣಿಸಿ, ಅದು ಕಣ್ಣು ಮುಚ್ಚಿಕೊಂಡಾಗ ಒಂದನ್ನು ಅಡಗಿಸಿ, ಮತ್ತೆ ಎಣಿಸಿ. ಒಂಬತ್ತಕ್ಕೆ ನಿಂತಾಗ ಆ ಪುಟ್ಟ ಮುಖದಲ್ಲಿ ಏನಾಗುತ್ತದೆಂದು ನೋಡಿ. ಸಾಮ್ಯದಲ್ಲಿನ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ; ಆದ್ದರಿಂದ ಕೋಣೆಯ ದೀಪ ಆರಿಸಿ ಮಗುವಿನ ಒಂದು ಕೈಗೆ ಟಾರ್ಚನ್ನೂ ಇನ್ನೊಂದು ಕೈಗೆ ಸಣ್ಣ ಪೊರಕೆಯನ್ನೂ ಕೊಡಿ. ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ದಿಂಬಿನ ಮರೆಯಲ್ಲಿ ನೀವೂ ಜೊತೆಗೆ ಹುಡುಕಿ.

ಸಿಕ್ಕಿದ ಕೂಡಲೇ ಆಟವನ್ನು ಮುಗಿಸಿಬಿಡುವುದು ದೊಡ್ಡವರು ಸಾಮಾನ್ಯವಾಗಿ ಮಾಡುವ ತಪ್ಪು. ಆ ಹೆಂಗಸು ಗೆಳತಿಯರನ್ನೂ ನೆರೆಹೊರೆಯವರನ್ನೂ ಕರೆದು ಸಂತೋಷಪಡುತ್ತಾಳೆ. ಸಾಮ್ಯದ ತಿರುಳೇ ಆ ಸಂತೋಷ. ಆದ್ದರಿಂದ ಮನೆಯವರನ್ನೆಲ್ಲ ಕೂಗಿ ಕರೆಯಿರಿ, ಚಪ್ಪಾಳೆ ತಟ್ಟಿ, ಕುಣಿಯಿರಿ. ಆ ಗದ್ದಲದ ನಡುವೆ ಮಗುವನ್ನು ಎತ್ತಿಕೊಂಡು, ನಮ್ಮಲ್ಲಿ ಒಬ್ಬರು ಕಳೆದುಹೋದರೂ ದೇವರು ಹೀಗೆಯೇ ಹುಡುಕುತ್ತಾನೆ, ಸಿಕ್ಕಾಗ ಹೀಗೆಯೇ ಖುಷಿಪಡುತ್ತಾನೆ ಎಂದರೆ ಸಾಕು. ಮಗು “ಇನ್ನೊಂದು ಸಲ” ಎನ್ನುತ್ತದೆ. ಹತ್ತು ಸಲ ಎನ್ನುತ್ತದೆ. ಆಡಿಸಿ, ಚಿಕ್ಕ ಮಕ್ಕಳು ಮತ್ತೆ ಮತ್ತೆ ಆಡಿಯೇ ಒಂದು ವಿಷಯವನ್ನು ತಮ್ಮದಾಗಿ ಮಾಡಿಕೊಳ್ಳುತ್ತಾರೆ.

ಕಣ್ಣಾಮುಚ್ಚಾಲೆಯಲ್ಲಿ ಮಗುವೇ ಅಡಗಿದಾಗ ಒಂದು ಎಚ್ಚರ ಬೇಕು: ಬೇಸರಗೊಂಡು ಹುಡುಕುವುದನ್ನು ನಡುವೆ ಬಿಡಬೇಡಿ, ಫೋನ್ ಬಂದರೂ ಮೊದಲು ಮಗುವನ್ನು ಕಂಡುಹಿಡಿಯಿರಿ. ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತ ಮಗುವಿಗೆ, ತನ್ನನ್ನು ಹುಡುಕಿ ಬಂದೇ ಬರುತ್ತಾರೆ ಎಂಬ ಭರವಸೆಯೇ ಈ ಆಟದ ಪಾಠ.

ಇನ್ನೂ ವರ್ಷ ತುಂಬದ ಕೂಸಿನೊಡನೆಯೂ ಇದೇ ಆಟವಿದೆ. ಅಂಗೈಯಿಂದ ಮುಖ ಮುಚ್ಚಿ ತೆರೆದಾಗ ಅದು ಕೇಕೆ ಹಾಕಿ ನಗುತ್ತದೆ. ಬೈಬಲಿನ ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿರುವ ಆಶೀರ್ವಾದದಲ್ಲಿ ದೇವರು ತನ್ನ ಮುಖವನ್ನು ನಮ್ಮ ಕಡೆಗೆ ತಿರುಗಿಸಲಿ ಎಂಬ ಬೇಡಿಕೆಯಿದೆ. ಕೂಸಿನ ಮುಂದೆ ಮುಖ ತೆರೆಯುತ್ತಾ ಆ ಆಶೀರ್ವಾದವನ್ನು ಮೆಲುದನಿಯಲ್ಲಿ ಹೇಳಬಹುದು. ಅರ್ಥ ಆಮೇಲೆ ಬರುತ್ತದೆ, ದನಿ ಮೊದಲೇ ಪರಿಚಯವಾಗಿರುತ್ತದೆ.

ಪಾತ್ರ ಕಟ್ಟಿ ಆಡುವಾಗ

ಡಾಕ್ಟರ್ ಆಟ ನಡೆಯುತ್ತಿದ್ದರೆ ಒಂದು ಗೊಂಬೆಯನ್ನು ದಾರಿಯಲ್ಲಿ ಬಿದ್ದ ಗಾಯಾಳುವನ್ನಾಗಿ ತಂದುಕೊಡಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಆರೈಕೆ ಮಾಡಿದ ಒಳ್ಳೆಯ ಸಮಾರ್ಯದವನ ಕಥೆಗೆ ಬೇರೆ ಪೀಠಿಕೆ ಬೇಡ. ಹಾಸಿಗೆಯ ಮೇಲೆ ಎಲ್ಲರೂ ಕುಳಿತು ಅದನ್ನು ದೋಣಿಯೆಂದುಕೊಂಡರೆ, ಹೊದಿಕೆಯ ಅಲೆಗಳ ನಡುವೆ ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದ ಬಿರುಗಾಳಿಯನ್ನು ಆಡಬಹುದು. ಯೇಸು ದಿಂಬಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದನೆಂಬ ವಿವರ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಬೈಬಲಿನಲ್ಲಿ ಬರುವ ಯೆರಿಕೋ ಪಟ್ಟಣದ ಗೋಡೆಯನ್ನು ಬ್ಲಾಕ್‌ಗಳಿಂದ ಕಟ್ಟಿ ಏಳು ಸುತ್ತು ಹಾಕಿ ಬೀಳಿಸುವ ಆಟವನ್ನು ಅನೇಕ ಸಂಡೆ ಸ್ಕೂಲ್‌ಗಳಲ್ಲಿ ಆಡಿಸುತ್ತಾರೆ; ಮಕ್ಕಳು ಖುಷಿಪಡುತ್ತಾರೆ ನಿಜ, ಆದರೆ ಆ ಯುದ್ಧದ ಕಥೆಯನ್ನು ನಾನು ದೊಡ್ಡ ಮಕ್ಕಳಿಗೆ ಉಳಿಸಿಕೊಳ್ಳುತ್ತೇನೆ.

ಯಾವ ಪಾತ್ರ ಬೇಕೆಂಬುದನ್ನು ಮಗುವೇ ಆರಿಸಲಿ. ಕೆಲವರಿಗೆ ಅಲೆಯಾಗುವುದೇ ಇಷ್ಟ, ಕೆಲವರಿಗೆ ಕತ್ತೆಯಾಗುವುದು ಇಷ್ಟ. ಕಥೆ ಬೇರೆ ದಾರಿ ಹಿಡಿದರೂ ನಡುವೆ ತಿದ್ದಬೇಡಿ. ಕುರಿಯ ಬದಲು ತೋಳವೇ ದಾರಿ ತಪ್ಪಿತೆಂದು ಮಗು ಹೇಳಿದರೆ, ಕುರುಬನು ತೋಳವನ್ನೂ ಹುಡುಕುತ್ತಾನೆಯೇ ಎಂದು ಅದನ್ನೇ ಕೇಳಿ. ಬೈಬಲಿನಲ್ಲಿ ಇರುವಂತೆ ಕಥೆಯನ್ನು ಓದಿಹೇಳಲು ಮಲಗುವ ಹೊತ್ತು ಇದ್ದೇ ಇದೆ.

ಇಂಥ ಪ್ರಶ್ನೆಗಳ ಹಿಂದೆ ಒಂದು ಪರಂಪರೆಯೇ ಇದೆ. 1954ರಲ್ಲಿ ರೋಮ್ ನಗರದಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ಬೈಬಲ್ ವಿದ್ವಾಂಸೆ, ಮೊಂಟೆಸ್ಸರಿ ಪದ್ಧತಿಯಲ್ಲಿ ಪಳಗಿದ ಜಾನ್ನಾ ಗೊಬ್ಬಿಯವರೊಡನೆ ಸೇರಿ ಮಕ್ಕಳ ಧರ್ಮಶಿಕ್ಷಣದ ಒಂದು ಹೊಸ ಕ್ರಮವನ್ನು ಆರಂಭಿಸಿದರು. ಅದರಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ಕುರುಬ, ಕುರಿಗಳು ಮತ್ತು ಹಟ್ಟಿಯ ಮರದ ಪುಟ್ಟ ಆಕೃತಿಗಳನ್ನಿಟ್ಟು, ಯೋಹಾನನ ಸುವಾರ್ತೆಯ ಒಳ್ಳೆಯ ಕುರುಬನ ಮಾತನ್ನು ಹೇಳಿ, ಆಮೇಲೆ ಆಕೃತಿಗಳನ್ನು ಮಕ್ಕಳ ಕೈಗೇ ಬಿಡುತ್ತಾರೆ. “ಈ ಕುರಿಗಳ ಹೆಸರೇನಿರಬಹುದು?”, “ಕುರುಬನ ದನಿ ಅವಕ್ಕೆ ಹೇಗೆ ಗೊತ್ತಾಗುತ್ತದೆ?” ಎಂಬಂಥ ಪ್ರಶ್ನೆಗಳಿಗೆ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ. ಮನೆಯಲ್ಲಿ ಇದಕ್ಕೆ ದುಬಾರಿ ಸಾಮಗ್ರಿ ಬೇಡ: ಜೇಡಿಮಣ್ಣಿನ ನಾಲ್ಕು ಕುರಿ, ರಟ್ಟಿನ ಒಬ್ಬ ಕುರುಬ, ಬೇಲಿಗೆ ಕೆಲವು ಕಡ್ಡಿಗಳು ಸಾಕು. ಮಗುವೇ ಮಾಡಿದ ಕುರಿಗೆ ಮೂರೇ ಕಾಲಿದ್ದರೂ ಅದೇ ಅದಕ್ಕೆ ಹೆಚ್ಚು ಪ್ರಿಯ.

ಹೇಳಬಾರದ ಮಾತುಗಳು

ಆಟದಲ್ಲಿ ಮಗು ತಂಟೆ ಮಾಡಿದಾಗ “ದೇವರು ನೋಡ್ತಿದ್ದಾನೆ, ಶಿಕ್ಷೆ ಕೊಡ್ತಾನೆ” ಎನ್ನುವುದು ಎಷ್ಟು ಸುಲಭವೋ ಅಷ್ಟೇ ಅಪಾಯಕಾರಿ. ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಯೇಸುವನ್ನು ಮಾರ್ಕನ 10ನೆಯ ಅಧ್ಯಾಯ ತೋರಿಸುತ್ತಿರುವಾಗ ನಾವು ಆತನ ಹೆಸರಿನಲ್ಲಿ ಅವರನ್ನು ಬೆದರಿಸುವುದು ಸಲ್ಲದು. ಗೊಂಬೆಗಾಗಿ ಇಬ್ಬರು ಮಕ್ಕಳು ಕಿತ್ತಾಡಿದಾಗ ಬಲವಂತವಾಗಿ “ಸಾರಿ” ಹೇಳಿಸುವುದರಿಂದಲೂ ಕ್ಷಮೆ ಅರ್ಥವಾಗುವುದಿಲ್ಲ. ನೀವು ಸಿಟ್ಟಿನಿಂದ ಗದರಿದ ದಿನ ಮಗುವಿನ ಎದುರು ಮಂಡಿಯೂರಿ, “ನಂದು ತಪ್ಪಾಯ್ತು ಕಂದ” ಎಂದರೆ ಅದಕ್ಕೆ ಬೇಗ ಅರ್ಥವಾಗುತ್ತದೆ. ಬೈಬಲ್ ವಾಕ್ಯ ಬಾಯಿಪಾಠ ಮಾಡಿದ್ದಕ್ಕೆ ಸಿಹಿತಿಂಡಿಯ ಆಸೆ ತೋರಿಸುವ ರೂಢಿಯೂ ನನಗೆ ಒಪ್ಪಿಗೆಯಿಲ್ಲ. ಮಗು ಸಿಹಿಯನ್ನು ನೆನಪಿಡುತ್ತದೆ.

ಬೇರೆಯವರ ಮಕ್ಕಳು ಆಡಲು ಬಂದಿದ್ದರೆ, ಅವರ ತಂದೆತಾಯಿಯರಿಗೆ ತಿಳಿಸದೆ, ಅವರ ಒಪ್ಪಿಗೆ ಪಡೆಯದೆ ಈ ಕಥೆಗಳನ್ನು ಅವರ ಮೇಲೆ ಹೇರಬಾರದು. ಪ್ರೀತಿಯಿಂದ ಆಡಿಸಿ ಕಳುಹಿಸಿ.

ಆಟದ ನಡುವೆ ಪ್ರಾರ್ಥನೆ ಮಾಡುವುದಾದರೆ ಒಂದೇ ಉಸಿರಿನಷ್ಟು ಇರಲಿ. ಮರಳಿನಲ್ಲಿ ಸಿಕ್ಕ ಶಂಖದ ಹುಳುವನ್ನು ಕಂಡು ಬೆರಗಾದಾಗ “ದೇವರೇ, ಎಷ್ಟು ಚೆನ್ನಾಗಿದೆ, ಥ್ಯಾಂಕ್ಸ್” ಎಂದು ಕಣ್ಣು ತೆರೆದೇ ಹೇಳಬಹುದು. ಸತ್ತ ಚಿಟ್ಟೆಯನ್ನು ಹೂಳಬೇಕೆಂದು ಮಗು ಹಟ ಹಿಡಿದರೆ ಗುಂಡಿ ತೋಡಲು ಜೊತೆಗೆ ಕೂರಿ, ಅದು ಕೇಳಿದ್ದಕ್ಕಷ್ಟೇ ಉತ್ತರಿಸಿ. ಯೇಸು ಸಾವಿನಿಂದ ಎದ್ದ, ಆತನ ಸಮಾಧಿಯ ಬಾಗಿಲಿನಿಂದ ಕಲ್ಲು ಉರುಳಿದ ಬೆಳಗಿನ ವಿಷಯ ಅಲ್ಲಿ ಸಹಜವಾಗಿ ಬಂದೀತು.

ಕ್ರಿಸ್ಮಸ್ ಸಮಯದಲ್ಲಿ ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯವನ್ನು) ಮಕ್ಕಳ ಕೈಗೆಟುಕುವಂತೆ ಇಡಿ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗ್ರೆಚ್ಚೋ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆ ಮತ್ತು ಹುಲ್ಲನ್ನೇ ತಂದು ಗೋದಲಿಯನ್ನು ಏರ್ಪಡಿಸಿದ್ದು, ಜನರು ಆ ಬಡ ಹುಟ್ಟನ್ನು ಕಣ್ಣಾರೆ ಕಾಣಲೆಂದು. ಗಾಜಿನ ಕಪಾಟಿನೊಳಗಿನ ಪಿಂಗಾಣಿಯ ಬೊಂಬೆಗಳು ನೋಟಕ್ಕೆ ಅಂದವಾಗಿರಬಹುದು, ಆಟಕ್ಕೆ ಒದಗುವುದಿಲ್ಲ. ಮಕ್ಕಳಿಗೆಂದೇ ಬಟ್ಟೆಯದೋ ಮರದ್ದೋ ಒಂದು ಜೊತೆ ಬೇರೆ ಇಡಿ. ಶಿಶು ಯೇಸುವನ್ನು ಕಾಣಬಂದ ಜ್ಞಾನಿಗಳ ಒಂಟೆಯ ಪಕ್ಕದಲ್ಲಿ ಡೈನೋಸಾರ್ ಬಂದು ನಿಲ್ಲುತ್ತದೆ. ಬಾಲ ಯೇಸು ಆಟದ ಲಾರಿಯಲ್ಲಿ ಕುಳಿತು ಮನೆಯೆಲ್ಲ ಸುತ್ತುತ್ತಾನೆ, ರಾತ್ರಿ ಮಗುವಿನ ದಿಂಬಿನ ಕೆಳಗೆ ಸಿಗುತ್ತಾನೆ. ಎತ್ತಿ ಗೋದಲಿಗೆ ಮರಳಿಸಲು ಹೋಗಬೇಡಿ. ಬೆಳಗ್ಗೆ ಮಗು ಎದ್ದಾಗ ಆತನು ಅಲ್ಲಿಯೇ ಇರಲಿ.