ಪ್ಯಾಕೇಜ್ ಇಲ್ಲದೆ ಸಾಂಧಣ ಕಣಿವೆ: ಸಾವಿರದೊಳಗೆ ಹೋಗಿ ಬಂದ ಲೆಕ್ಕ

ಸ್ವಂತ ಗಾಡಿ ಇಲ್ಲದೆ, ಪ್ಯಾಕೇಜ್‌ನವರಿಗೆ ದುಡ್ಡು ಕಟ್ಟದೆ ಮಹಾರಾಷ್ಟ್ರದ ಭಂಡಾರದರಾ ಹತ್ತಿರದ ಸಾಂಧಣ ಕಣಿವೆಗೆ ಹೋಗೋಕೆ ಆಗಲ್ಲ ಅಂತ ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ರೂಮಿನಲ್ಲಿ ಎಲ್ಲರೂ ತೀರ್ಪು ಕೊಟ್ಟಾಗಿತ್ತು. ಚಾರಣದಲ್ಲಿ ಪಳಗಿದ ಸೀನಿಯರ್ ಒಬ್ಬ, "ಎಂಟು ಜನ, ಮೂರು ಗಾಡಿ ಬದಲಾಯಿಸ್ಕೊಂಡು ಹೋಗ್ತೀರಾ? ದಾರಿಯ ಘೋಟಿ ಬಸ್ ಸ್ಟ್ಯಾಂಡ್‌ನಾಗೇ ಮಲಗ್ತೀರಿ ನೋಡ್ರಿ" ಅಂದಿದ್ದ. ಈ ಚಳಿಗಾಲದಲ್ಲಿ ತಲೆಗೆ ಒಂಬೈನೂರು ಚಿಲ್ಲರೆಯಲ್ಲಿ ಹೋಗಿ ಬಂದೆವು. ಪ್ಯಾಕೇಜ್‌ನವರು ಕೇಳಿದ್ದು 1,800.

ಮೊದಲು ಕೈಕೊಟ್ಟದ್ದನ್ನೇ ಹೇಳಿಬಿಡುತ್ತೇನೆ, ಏಕೆಂದರೆ ದುಡ್ಡು ಹೋದದ್ದು ಅಲ್ಲೇ. ಎಲ್ಲರೂ ಹೇಳುವ ದಾರಿ ಒಂದೇ: ರಾತ್ರಿಯ ಕೊನೆ ಲೋಕಲ್ ರೈಲು ಹಿಡಿದು ಕಸಾರಾ ಸ್ಟೇಷನ್, ಅಲ್ಲಿಂದ ಕಣಿವೆ ಪಕ್ಕದ ಸಾಮ್ರದ್ ಊರಿಗೆ ಇಡೀ ಜೀಪು. ಮಧ್ಯರಾತ್ರಿ ಕಸಾರಾದಲ್ಲಿ ನಾಲ್ಕು ಹುಡುಗರು ಚಳಿಗೆ ಕೈ ಉಜ್ಜುತ್ತ ನಿಂತಿದ್ದರೆ ಜೀಪಿನವನು ಬಾಡಿಗೆ ಯಾಕೆ ಇಳಿಸುತ್ತಾನೆ? ಹೋಗೋಕಷ್ಟೇ ಮೂರೂವರೆ ಸಾವಿರ ಅಂದ. ಬೆಳಗಿನ ಮೊದಲ ಲೋಕಲ್‌ಗೆ ವಾಪಸ್ ಬಂದೆವು. ಇನ್ನೊಂದು ಸಲ ಹತ್ತು ಜನ ಕೂಡಿ ಜೀಪು ಮಾಡಿದೆವು, ಆದರೆ ಅದು ಶನಿವಾರ. ಭಾನುವಾರ ಬೆಳಿಗ್ಗೆ ಕಣಿವೆಯೊಳಗಿನ ಎರಡನೇ ನೀರಿನ ಹೊಂಡದ ಹತ್ತಿರ ರೇಷನ್ ಅಂಗಡಿ ಮುಂದಿನ ಹಾಗೆ ಸಾಲು. ಒಂದು ಗಂಟೆ ತಣ್ಣನೆ ಬಂಡೆ ಮೇಲೆ ಕೂತು, ಮುಂದಿನವರ ಸೆಲ್ಫಿ ಮುಗಿಯೋದನ್ನ ಕಾದದ್ದೇ ಬಂತು.

ಕೊನೆಗೆ ಕೈಹಿಡಿದದ್ದು ದಾರಿಯನ್ನು ತುಂಡು ಮಾಡುವ ಉಪಾಯ. ಕಲ್ಯಾಣದಿಂದ ಬೆಳಗಿನ ಲೋಕಲ್‌ನಲ್ಲಿ ಕಸಾರಾ, 20 ರೂಪಾಯಿಯ ಆಸುಪಾಸು. ಸ್ಟೇಷನ್ ಹೊರಗೆ ನಾಸಿಕ್ ಕಡೆ ಹೊರಡುವ ಶೇರ್ ಜೀಪಿನಲ್ಲಿ ಕಸಾರಾ ಘಾಟ್ ಹತ್ತಿ, ಇಗತ್‌ಪುರಿ ದಾಟಿ ಘೋಟಿಗೆ 80 ಇರಬೇಕು. ಘೋಟಿಯಿಂದ ಭಂಡಾರದರಾದ ಶೇಂಡಿಗೆ ಎಸ್‌ಟಿ (ಸರ್ಕಾರಿ) ಬಸ್, ಸುಮಾರು 60. ಕಳಸೂಬಾಯಿ ಶಿಖರ ಹತ್ತುವವರು ಬಾರಿ ಅನ್ನೋ ಊರಿನಲ್ಲಿ ಇಳಿದುಬಿಡುತ್ತಾರೆ, ಆಮೇಲೆ ಕಾಲು ಚಾಚಿ ಕೂರಬಹುದು. ಶೇಂಡಿಯಿಂದ ಜಲಾಶಯ ಬಳಸಿ ಸಾಮ್ರದ್‌ಗೆ ಮಾತ್ರ ಜೀಪು ಮಾಡಲೇಬೇಕು; ಎಂಟು ಜನರಿಗೆ ತಲೆಗೆ 120 ಬಿತ್ತು. ಇಲ್ಲಿ ಜೀಪಿನ ದಾದಾನ ಹತ್ತಿರ ಚೌಕಾಸಿ ಮಾಡೋಕೆ ಒಂದು ಮಾತಿದೆ, ಅದನ್ನ ಬರೆದರೆ ಮುಂದಿನ ಸಲ ನನಗೇ ನಡೆಯಲ್ಲ. ವಾರದ ನಡುವೆ ಹೋದೆವು. ಸಾಮ್ರದ್ ತಲುಪಿದಾಗ ಮಧ್ಯಾಹ್ನ ಮೂರು.

ರಾತ್ರಿ ಒಂದು ಮನೆಯ ಪಡಸಾಲೆಯಲ್ಲಿ ಚಾಪೆ. ಆ ಮನೆಯ ಮಾವಶಿ (ಚಿಕ್ಕಮ್ಮ) ರಾಗಿ ಭಾಕ್ರಿ (ರೊಟ್ಟಿ), ಪಿಠ್ಲ (ಕಡಲೆಹಿಟ್ಟಿನ ಪಲ್ಯ), ಠೇಚಾ (ಮೆಣಸಿನಕಾಯಿ ಚಟ್ನಿ) ಬಡಿಸಿದರು. ವಿಜಯಪುರದ ಜೋಳದ ರೊಟ್ಟಿ ಮೇಲೆ ಬೆಳೆದ ನಾನು ರಾಗಿಗೆ ಮೂಗು ಮುರಿಯುವವನು, ಅವತ್ತು ನಾಲ್ಕು ತಿಂದೆ. ಊಟ, ಚಾಪೆ, ಬೆಳಗಿನ ಪೋಹೆ ಸೇರಿ ತಲೆಗೆ 300ರೊಳಗೆ.

ಕಣಿವೆ ಊರಿನಿಂದ ಹೆಚ್ಚು ದೂರ ಇಲ್ಲ. ಹತ್ತಿರ ಹೋಗುವವರೆಗೂ ಅಲ್ಲೊಂದು ಬಿರುಕಿದೆ ಅಂತ ಗೊತ್ತೇ ಆಗಲ್ಲ. ಇಳಿದ ಮೇಲೆ ಎರಡೂ ಕಡೆ ಕರಿ ಬಸಾಲ್ಟ್ ಗೋಡೆ, ಇನ್ನೂರು ಅಡಿ ಮೇಲೆ ಒಂದು ಪಟ್ಟಿ ಆಕಾಶ. ಕೆಲವು ಕಡೆ ಎರಡು ಕೈ ಚಾಚಿದರೆ ಎರಡು ಬದಿಗೂ ಇನ್ನೊಂದೊಂದು ಮೊಳ ಉಳಿಯುತ್ತದೆ ಅಷ್ಟೆ. ಆರೂವರೆಗೇ ಇಳಿದೆವು, ಒಂದು ನರಪಿಳ್ಳೆ ಇರಲಿಲ್ಲ.

ನೀರಿನ ವಿಷಯ. ಮೊದಲ ಹೊಂಡ ಮೊಣಕಾಲು, ಎರಡನೆಯದು ಜನವರಿಯಲ್ಲಿ ಸೊಂಟ. ಶೂ ಬಿಚ್ಚಿ ಕೈಯಲ್ಲಿ ಹಿಡಿದು ದಾಟುವವರೇ ಹೆಚ್ಚು, ಒಳಗಿನ ಚೂಪು ಕಲ್ಲಿಗೆ ಬೆರಳು ಕೊಯ್ಯಿಸಿಕೊಳ್ಳುವವರೂ ಅವರೇ. ನಾವು ಸಾಕ್ಸ್ ಮಾತ್ರ ಬಿಚ್ಚಿ, ಬರಿಗಾಲಿಗೆ ಶೂ ಬಿಗಿದು ದಾಟಿದೆವು. ದಡದಲ್ಲಿ ಶೂ ಬೋರಲು ಹಾಕಿ ನೀರು ಬಸಿದು, ಒಣ ಸಾಕ್ಸ್. ಚರ್ಮದ ಶೂ ಇದಕ್ಕೆ ಬೇಡ; ಆಕ್ಷನ್ ಕಂಪನಿಯ ಟ್ರೆಕ್ಕಿಂಗ್ ಶೂ ಸಾಕು. ಬ್ಯಾಗಿನೊಳಗೆ ದಪ್ಪ ಕಸದ ಚೀಲ ಒಂದರೊಳಗೊಂದು ಎರಡು, ಬಾಯಿ ತಿರುಚಿ ಮಡಚಿ ಸೈಕಲ್ ಟ್ಯೂಬಿನ ರಬ್ಬರ್. ಹಿಂದೆ ಅಂಗಡಿಯ ತೆಳ್ಳನೆ ಕವರ್ ನಂಬಿ ಗೆಳೆಯನ ಮೊಬೈಲ್ ಕುಡಿದ ನೀರಿಗೆ ರಿಪೇರಿ ಬಿಲ್ 2,200 ಆಗಿತ್ತು. ಎರಡನೇ ಹೊಂಡದಲ್ಲಿ ಯಾವ ಗೋಡೆಗೆ ಒತ್ತಿಕೊಂಡು ಹೋದರೆ ಜೇಬು ಒದ್ದೆ ಆಗಲ್ಲ ಅನ್ನೋದು ನಮ್ಮೊಳಗೇ ಇರಲಿ.

ಸುಮ್ಮನೆ ಹೋಗೋದೇಕೆ ಅಂತ ಎಷ್ಟು ಇಳಿದಿದ್ದೇವೆ ಅಳೆಯೋಕೆ ಹೊರಟೆವು. ಜಿಪಿಎಸ್ ಅಲ್ಲಿ ಮಂಗನಾಟ. ಆಕಾಶ ಕಾಣೋದೇ ಅಷ್ಟಿದ್ದಾಗ ನಮ್ಮನ್ನ ಒಮ್ಮೆ ಗೋಡೆಯೊಳಗೆ, ಒಮ್ಮೆ ಪಕ್ಕದ ಗುಡ್ಡದ ಮೇಲೆ ತೋರಿಸಿತು. ಒಬ್ಬನ ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇತ್ತು. ಕೆಳಗಿಳಿದಷ್ಟೂ ಒತ್ತಡ ಏರುತ್ತದೆ; ಆ ಎತ್ತರದಲ್ಲಿ 1 ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ) ಏರಿದರೆ ಹೆಚ್ಚುಕಡಿಮೆ 9 ಮೀಟರ್ ಇಳಿದ ಹಾಗೆ. ಕಣಿವೆಯ ಬಾಯಿಯಿಂದ, ಮುಂದೆ ಇಳಿಯೋಕೆ ಹಗ್ಗ ಬೇಕಾಗುವ ಜಾಗದವರೆಗೆ ಒತ್ತಡ ಎಂಟು-ಒಂಬತ್ತು ಏರಿತು, ಅಂದರೆ ಎಪ್ಪತ್ತೆಂಬತ್ತು ಮೀಟರ್ ಇಳಿದಿದ್ದೆವು. ವಾಪಸ್ ಹತ್ತಿದ ಮೇಲೆ ಅಂಕಿ ಮೊದಲಿನದಕ್ಕೇ ಬರಲಿಲ್ಲ, ಅಷ್ಟರಲ್ಲಿ ಬಿಸಿಲೇರಿ ಹವೆಯ ಒತ್ತಡವೇ ಬದಲಾಗಿತ್ತು. ಮುಂದಿನ ಸಲ ಆ ಬದಲಾವಣೆ ಗುರುತಿಸೋಕೆ ಇನ್ನೊಂದು ಫೋನನ್ನು ಮೇಲೇ ಬಿಟ್ಟು ಇಳಿಯಬೇಕು.

ಹಗ್ಗದ ಜಾಗದಿಂದಲೇ ತಿರುಗಿದೆವು. ಅಲ್ಲಿಂದ ಕೆಳಗಿಳಿದು ಕರೋಲಿ ಘಾಟ್ ಅನ್ನೋ ದಾರಿ ಹತ್ತಿ ಬರುವವರಿಗೆ ಹಗ್ಗ, ಹಾರ್ನೆಸ್ (ಹಗ್ಗ ಸಿಕ್ಕಿಸುವ ಸೊಂಟದ ಪಟ್ಟಿ), ಬಲ್ಲವರು ಬೇಕು. ನಮ್ಮ ಒಂಬೈನೂರರ ಲೆಕ್ಕ ಅದಕ್ಕೆ ಅನ್ವಯಿಸಲ್ಲ. ಮಳೆಗಾಲದಲ್ಲಂತೂ ಯಾವ ಲೆಕ್ಕವೂ ಇಲ್ಲ; ಮೇಲಿನ ಬಯಲಿನ ನೀರೆಲ್ಲ ಹರಿಯೋದು ಇದೇ ಬಿರುಕಿನಲ್ಲಿ, ಓಡೋಕೆ ಬದಿಯಲ್ಲಿ ಜಾಗವಿಲ್ಲ.

ಹತ್ತೂವರೆಗೆ ಮೇಲೆ ಬಂದೆವು, ಮೊದಲೇ ಹೇಳಿಟ್ಟ ಜೀಪು ಹನ್ನೆರಡಕ್ಕೆ ಬಂತು. ವಾಪಸಾತಿಯಲ್ಲಿ ಮುಖ್ಯ ಒಂದೇ: ಶೇಂಡಿಯಿಂದ ಘೋಟಿಗೆ ಮಧ್ಯಾಹ್ನವೇ ಬಸ್ ಹತ್ತಬೇಕು, ಸಂಜೆಯ ಬಸ್ ನೆಚ್ಚಬೇಡಿ. ಸೀನಿಯರ್ ಈಗ ಜೀಪಿನವನ ನಂಬರ್ ಕೇಳುತ್ತಿದ್ದಾನೆ. ಕೊಡಬೇಕೋ ಬೇಡವೋ ಅಂತ ರೂಮಿನಲ್ಲಿ ಇನ್ನೂ ಮತಭೇದ ಇದೆ.