ಎಂಪಿ3 ಕಡತಗಳನ್ನು ಫ್ಲಾಕ್‌ಗೆ ಬದಲಿಸಿದ ನನ್ನ ಅನುಭವ

ನಾನು ಮಾಡಿಟ್ಟಿದ್ದ ಸಂದರ್ಶನಗಳ ಧ್ವನಿಮುದ್ರಣಗಳೆಲ್ಲ 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಕಡತಗಳಾಗಿದ್ದವು. ಬೇಡದ ಭಾಗಗಳನ್ನು ಕತ್ತರಿಸಿ, ದನಿಯ ಮಟ್ಟವನ್ನು ಸರಿಪಡಿಸಿ, ಪ್ರತಿ ಸಲವೂ ಎಂಪಿ3 ಆಗಿಯೇ ಉಳಿಸುತ್ತಿದ್ದೆ. ನಾಲ್ಕೈದು ಸುತ್ತಿನ ನಂತರ ಸಕಾರ, ಶಕಾರಗಳು ನೀರಿನೊಳಗಿಂದ ಬಂದಂತೆ ಕೇಳತೊಡಗಿದವು. ಎಂಪಿ3 ಕಿವಿಗೆ ಗೊತ್ತಾಗದೆಂದು ಲೆಕ್ಕ ಹಾಕಿದ ವಿವರಗಳನ್ನು ಬಿಟ್ಟುಬಿಡುವ ವಿಧಾನವಾದ್ದರಿಂದ, ಉಳಿಸಿದಷ್ಟು ಸಲವೂ ಅದು ಇನ್ನಷ್ಟನ್ನು ಬಿಡುತ್ತದೆ. ಮೂಲ ಪ್ರತಿಗಳು ಬೇರೆ ಡಿಸ್ಕ್‌ನಲ್ಲಿ ಹಾಗೆಯೇ ಇದ್ದದ್ದರಿಂದ ಕೆಲಸವನ್ನು ಹೊಸದಾಗಿ ಆರಂಭಿಸಲು ಸಾಧ್ಯವಾಯಿತು.

ಈ ಸಲ ಮೊದಲು ಎಲ್ಲವನ್ನೂ ಫ್ಲಾಕ್‌ಗೆ, ಅಂದರೆ ಯಾವ ವಿವರವನ್ನೂ ಬಿಡದೆ ಧ್ವನಿಯನ್ನು ಸಂಕುಚಿಸಿಡುವ ಸ್ವರೂಪಕ್ಕೆ, ಬದಲಿಸಿಕೊಂಡೆ. ಇದರಿಂದ ಗುಣಮಟ್ಟ ಹೆಚ್ಚುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕೆಂದು ಧ್ವನಿ ಸಂಪಾದನೆಯ ತಂತ್ರಾಂಶವಾದ ಅಡಾಸಿಟಿಯಲ್ಲಿ ಎರಡರ ಸ್ಪೆಕ್ಟ್ರೋಗ್ರಾಮ್‌ಗಳನ್ನೂ (ಯಾವ ಆವರ್ತನದಲ್ಲಿ ಎಷ್ಟು ಧ್ವನಿ ಇದೆಯೆಂದು ತೋರಿಸುವ ಚಿತ್ರಗಳನ್ನು) ತೆರೆದೆ. ಎಂಪಿ3ಯಲ್ಲಿ ಸುಮಾರು 16 ಕಿಲೋಹರ್ಟ್ಸ್‌ನ ಮೇಲೆ ಚಿತ್ರ ಗೆರೆ ಕೊಯ್ದಂತೆ ಖಾಲಿಯಾಗಿತ್ತು, ಫ್ಲಾಕ್‌ನಲ್ಲಿಯೂ ಅದೇ ಗೆರೆ ಅಲ್ಲಿಯೇ ಇತ್ತು. ಹೋದದ್ದು ಹೋಯಿತು, ಆದರೆ ಇನ್ನು ಮುಂದೆ ಎಷ್ಟು ಸಲ ತೆರೆದು ಉಳಿಸಿದರೂ ಸಂಕೋಚನದಿಂದ ಹೊಸ ನಷ್ಟ ಆಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಬದಲಿಸಲು ಆದೇಶಗಳನ್ನು ಬರೆದು ನಡೆಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವನ್ನು ಬಳಸಿದೆ. ಮೊದಲ ಪ್ರಯತ್ನದಲ್ಲಿ ಕಡತಗಳು ನಿರೀಕ್ಷೆಗಿಂತ ಬಹಳ ದೊಡ್ಡದಾಗಿ ಬಂದವು. ಕಾರಣ ಹುಡುಕಿದಾಗ ತಿಳಿದದ್ದು ಇದು: ಎಂಪಿ3ಗೆ ತನ್ನದೇ ಆದ ಬಿಟ್ ಆಳ (ಧ್ವನಿಯ ಪ್ರತಿ ಮಾದರಿಯನ್ನು ಎಷ್ಟು ಬಿಟ್‌ಗಳಲ್ಲಿ ಬರೆಯುವುದೆಂಬ ಅಳತೆ) ಎಂಬುದಿಲ್ಲ, ಅದನ್ನು ಬಿಡಿಸುವಾಗ ಈ ತಂತ್ರಾಂಶ ದಶಮಾಂಶದ ಸಂಖ್ಯೆಗಳಾಗಿ ಬಿಡಿಸುತ್ತದೆ, ನಾವು ಏನನ್ನೂ ಸೂಚಿಸದಿದ್ದರೆ ಫ್ಲಾಕ್ 24 ಬಿಟ್‌ನದ್ದಾಗಿಬಿಡಬಹುದು. 16 ಬಿಟ್‌ಗಿಂತ ಹೆಚ್ಚಾಗಿ ಸೇರುವ ಕೆಳಗಿನ ಆ 8 ಬಿಟ್‌ಗಳಲ್ಲಿ ಇರುವುದು ಬಹುಪಾಲು ಗದ್ದಲದಂಥ ಅಂಕಿಗಳಾದ್ದರಿಂದ ಅವು ಸಂಕುಚಿಸುವುದೂ ಇಲ್ಲ. ಮಾತಿನ ಮುದ್ರಣಕ್ಕೆ 16 ಬಿಟ್ ಧಾರಾಳವಾಗಿ ಸಾಕೆಂದು ತೀರ್ಮಾನಿಸಿ, ಮಾದರಿಯ ಸ್ವರೂಪವನ್ನು ಆದೇಶದಲ್ಲಿಯೇ ಬರೆದೆ. ಒಂದು ಗಂಟೆಯ ಸ್ಟೀರಿಯೋ ಎಂಪಿ3 ಸುಮಾರು 58 ಎಂಬಿ ಇದ್ದರೆ, 44.1 ಕಿಲೋಹರ್ಟ್ಸ್, 16 ಬಿಟ್‌ನ, ಸಂಕುಚಿಸದ ವೇವ್ ಕಡತ ಸುಮಾರು 635 ಎಂಬಿ ಆಗುತ್ತದೆ. ಫ್ಲಾಕ್ ಇವೆರಡರ ನಡುವೆ ನಿಲ್ಲುತ್ತದೆ. ಅದರ 0ರಿಂದ 8ರವರೆಗಿನ ಸಂಕೋಚನದ ಹಂತಗಳು ಗಾತ್ರ ಮತ್ತು ಸಮಯಕ್ಕೆ ಸಂಬಂಧಿಸಿದವೇ ಹೊರತು ಧ್ವನಿಯ ಗುಣಕ್ಕಲ್ಲ, ಹಾಗಾಗಿ ನಾನು ಪೂರ್ವನಿಯೋಜಿತವಾದ 5ನ್ನೇ ಇಟ್ಟುಕೊಂಡೆ.

ಇನ್ನೊಂದು ತೊಡಕು ಸುಲಭವಾಗಿ ಕಣ್ತಪ್ಪುವಂಥದ್ದು. ಜೋರಾಗಿ ಮುದ್ರಿಸಿದ ಎಂಪಿ3ಯನ್ನು ಬಿಡಿಸಿದಾಗ ಧ್ವನಿಯ ಶಿಖರಗಳು ಗರಿಷ್ಠ ಮಿತಿಯನ್ನು ದಾಟಬಹುದು, 16 ಬಿಟ್‌ಗೆ ಇಳಿಸುವಾಗ ಆ ತುದಿಗಳು ಕತ್ತರಿಸಿಹೋಗುತ್ತವೆ. ನಗು ಜೋರಾಗಿದ್ದ ಒಂದು ಸಂದರ್ಶನದಲ್ಲಿ ಹೀಗಾದದ್ದನ್ನು ಕಂಡ ಮೇಲೆ, ಬದಲಿಸುವ ಆದೇಶದಲ್ಲಿಯೇ ಮಟ್ಟವನ್ನು 3 ಡೆಸಿಬೆಲ್ ಇಳಿಸಿದೆ.

ಕೊನೆಗೆ ಫ್ಲಾಕ್‌ನ ಪರೀಕ್ಷಾ ಆದೇಶವನ್ನು ಎಲ್ಲ ಕಡತಗಳ ಮೇಲೂ ನಡೆಸಿದೆ. ಪ್ರತಿ ಕಡತದೊಳಗೆ ಸಂಕುಚಿಸುವ ಮೊದಲಿನ ಧ್ವನಿದತ್ತಾಂಶದ ಎಂಡಿ5 ಮೊತ್ತ (ದತ್ತಾಂಶ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಕೇತ) ಇರುವುದರಿಂದ, ನಕಲಿಸುವಾಗ ಹಾಳಾದದ್ದು ಕೂಡಲೇ ತಿಳಿಯುತ್ತದೆ. ಮೂಲ ಎಂಪಿ3ಗಳನ್ನು ಅಳಿಸಿಲ್ಲ. ಮುಂದೆ ಯಾರಾದರೂ ಈ ಫ್ಲಾಕ್‌ಗಳನ್ನು ಮೂಲ ಮುದ್ರಣವೆಂದು ತಪ್ಪು ತಿಳಿಯಬಾರದೆಂದು ಪ್ರತಿಯೊಂದರ ಟಿಪ್ಪಣಿಯ ಜಾಗದಲ್ಲಿ “128 ಕೆಬಿಪಿಎಸ್ ಎಂಪಿ3ಯಿಂದ ಪರಿವರ್ತಿಸಿದ್ದು” ಎಂದು ಬರೆದಿಟ್ಟಿದ್ದೇನೆ.